ಎರಡನೇ ತಿರುವಿನ ಹುರುಳಿ

ಇದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಆಮೇಲೆ ಸೇರಿಸಿಕೊಂಡದ್ದು ಎಂದು ನನಗೆ ಖಚಿತವಿಲ್ಲ. ಅವತ್ತು ರಸ್ತೆಯ ಮೇಲೆ ಹರಡಿದ್ದದ್ದು ಹುರುಳಿ ಎಂದು ನನ್ನ ನೆನಪು. ರಾಗಿ ಎನ್ನುತ್ತಾನೆ ನನ್ನ ಗೆಳೆಯ. ಬೆಳಗಿನ ತಿಂಡಿ ಪಾಂಡವಪುರದಲ್ಲಿ ಎಂದು ನಾನು, ಕೆ.ಆರ್. ಪೇಟೆಯಲ್ಲಿ ಎಂದು ಅವನು. ಇನ್ನು ಎರಡನೇ ತಿರುವಿನಲ್ಲಿ ಕಾರು ಒಳಮಗ್ಗುಲಲ್ಲೇ ಇತ್ತೋ ಹೊರಕ್ಕೆ ಜಾರಿತೋ ಎಂಬ ಮಾತು ಎದ್ದರೆ, ನಾವಿಬ್ಬರೂ ಒಂದೇ ಕಾರಿನಲ್ಲಿ ಇದ್ದೆವೇ ಎಂದೇ ಅನುಮಾನ ಬರುತ್ತದೆ. ಒಬ್ಬನೇ ಸಾಕ್ಷಿಯನ್ನು ನಂಬಿ ಏನನ್ನೂ ತೀರ್ಮಾನಿಸಬೇಡ ಎಂದು ಓದುವಾಗ ನನಗೆ ಕಲಿಸಿದ್ದರು. ನನ್ನ ನೆನಪಿಗೆ ಇರುವುದು ಒಬ್ಬನೇ ಸಾಕ್ಷಿ. ಅವನೂ ಹೆಲ್ಮೆಟ್ ಹಾಕಿಕೊಂಡಿದ್ದ.

ಮಣ್ಣಿನ ಟ್ರ್ಯಾಕುಗಳಲ್ಲಿ ಕಾರು ಓಡಿಸುವುದು ನನ್ನ ಚಟ. ಮೈಸೂರಿನಲ್ಲಿ ಓದಿದ್ದು ಪರಿಸರ ವಿಜ್ಞಾನ. ಇವೆರಡನ್ನೂ ಒಬ್ಬನೇ ಮನುಷ್ಯ ಹೇಗೆ ಹೊಟ್ಟೆಗೆ ಹಾಕಿಕೊಂಡಿದ್ದಾನೆ ಎಂಬುದು ಶ್ರೀರಂಗಪಟ್ಟಣದ ನಮ್ಮ ಬೀದಿಯ ಟೀ ಅಂಗಡಿಯಲ್ಲಿ ಹಳೆಯ ಚರ್ಚೆ. ಅಂಗಡಿಯವರು ಒಮ್ಮೆ ನನಗೆ ಕೇಳಲಿ ಎಂದೇ ಹೇಳಿದ್ದರು: "ಪರಿಸರ ಓದ್ದೋನು ಪೆಟ್ರೋಲ್ ಸುಡ್ತಾವ್ನೆ. ಪೆಟ್ರೋಲ್ ಬಂಕ್ ಇಟ್ಟಿರೋನು ಗಿಡ ನೆಡ್ತಾವ್ನೆ. ಯಾರ್ನ ಕರ್ದು ಬುದ್ಧಿ ಏಳೋದ್ಲಾ?"

ನಾನೂ ಗಿಡ ನೆಡುತ್ತೇನೆ ಎಂದು ಅವರಿಗೆ ಹೇಳಲಿಲ್ಲ. ಪ್ರತಿ ರೇಸಿಗೆ ಒಂದು ಸಸಿ ಎಂದು ನನಗೆ ನಾನೇ ದಂಡ ಹಾಕಿಕೊಂಡಿದ್ದೆ. ಬೇವು ನೆಟ್ಟೆ, ನೇರಳೆ ನೆಟ್ಟೆ, ಅತ್ತಿಯನ್ನೂ ನೆಟ್ಟೆ. ಎಲ್ಲವನ್ನೂ ಮೇಕೆಗಳು ತಿಂದವು. ಕೆಲವಕ್ಕೆ ಬೇಲಿ ಕಟ್ಟಿದೆ, ಮೇಕೆಗಳು ಬೇಲಿಯನ್ನೂ ತಿಂದವು. ನನ್ನ ರೇಸುಗಳಿಂದ ಲೋಕಕ್ಕೆ ಎಷ್ಟು ಹೊಗೆ ಸೇರಿದೆಯೋ ಗೊತ್ತಿಲ್ಲ, ಮೇಕೆಗಳಿಗೆ ಮಾತ್ರ ಒಳ್ಳೆಯದಾಗಿದೆ.

ರೇಸಿನ ನೆಪದಲ್ಲಿ ಎಷ್ಟೋ ಊರು ತಿರುಗಿದ್ದೇನೆ. ಏನು ನೋಡಿದೆ ಎಂದು ಯಾರಾದರೂ ಕೇಳಿದರೆ ಲಾಡ್ಜಿನ ಗೋಡೆ ಮತ್ತು ಮುಂದಿನ ಕಾರಿನ ಧೂಳು ಎನ್ನಬೇಕಾಗುತ್ತದೆ. ಗುಡಿ ಗೋಪುರ ನೆನಪಿರುವುದಿಲ್ಲ, ಮಣ್ಣು ನೆನಪಿರುತ್ತದೆ. ಪಾಂಡವಪುರದ ನಾಲೆ ಬಯಲಿನ ಮಣ್ಣು ಸಾಲ ಕೇಳಲು ಬಂದ ನೆಂಟನ ಹಾಗೆ ಟೈರಿಗೆ ಅಂಟಿಕೊಳ್ಳುತ್ತದೆ. ನಾಗಮಂಗಲದ ಕಡೆಯ ಕೆಂಪು ಗರಸು ಅಂಟುವುದೇ ಇಲ್ಲ, ಗೋಲಿಗಳ ಮೇಲೆ ಓಡಿದಂತಾಗುತ್ತದೆ.

ಗೆಳೆಯ ಎಂದೆನಲ್ಲ, ಅವನದು ಶ್ರೀರಂಗಪಟ್ಟಣದಲ್ಲೇ ಗ್ಯಾರೇಜು. ಅವನ ಅಬ್ಬಾ ಲಾರಿ ಓಡಿಸುತ್ತಿದ್ದರು. ನಾವಿಬ್ಬರೂ ಒಂದೇ ಹೈಸ್ಕೂಲಿನ ಒಂದೇ ಬೆಂಚು. ರೇಸಿನಲ್ಲಿ ಅವನು ನನ್ನ ಎಡಗಡೆ ಕೂತು, ಮುಂದೆ ಬರುವ ತಿರುವು ಎಂಥದು ಎಂದು ಕೂಗಿ ಹೇಳಬೇಕು. ಕೇಳಿಸಿಕೊಂಡು ಹಾಗೆಯೇ ತಿರುಗಿಸುವುದು ನನ್ನ ಕೆಲಸ. ನಿಯಮ ಇರುವುದು ಹೀಗೆ.

ಆ ಸಲ ರೇಸು ಇದ್ದದ್ದು ದೇವಲಾಪುರದಾಚೆ, ಬೀಳುಬಿಟ್ಟ ಹೊಲವೊಂದರಲ್ಲಿ ಹೊಡೆದಿದ್ದ ಮಣ್ಣಿನ ಟ್ರ್ಯಾಕಿನಲ್ಲಿ. ಆ ವರ್ಷದ ಕೊನೆಯ ರೇಸು. ಗೆಳೆಯ ಮಳೆಗಾಲವಿಡೀ ಕೂತು ಎಂಜಿನ್ನನ್ನು ಬಿಚ್ಚಿ ಮತ್ತೆ ಕಟ್ಟಿದ್ದ. ಹಿಂದಿನ ದಿನ ಸಂಜೆ ನಾಲ್ಕರೊಳಗೆ ಕಾರನ್ನು ತಪಾಸಣೆಗೆ ಒಪ್ಪಿಸಬೇಕು. ಇಲ್ಲದಿದ್ದರೆ ಬೆಳಿಗ್ಗೆ ಓಡಿಸಲು ಬಿಡುವುದಿಲ್ಲ.

ಪಾಂಡವಪುರದಿಂದ ನೇರ ಹೋಗಿದ್ದರೆ ಮಧ್ಯಾಹ್ನದ ಹೊತ್ತಿಗೆ ತಲುಪುತ್ತಿದ್ದೆವು. ಆದರೆ ಕೆ.ಆರ್. ಪೇಟೆಯಲ್ಲಿ ಗೆಳೆಯನ ಭಾವನ ಹತ್ತಿರ ನಮ್ಮ ಕಾರಿಗೆ ಕೂರುವ ಎರಡು ಟೈರು ಇವೆ ಎಂದು ಸುತ್ತಿಕೊಂಡು ಹೋದೆವು. ಶೀಳನೆರೆಯ ಹತ್ತಿರ ಕಬ್ಬಿನ ಟ್ರಾಕ್ಟರೊಂದು ಸಿಕ್ಕಿತು. ಅದರ ಹಿಂದೆ ನಾನು, ಮೈತುಂಬ ಸ್ಟಿಕ್ಕರು ಅಂಟಿಸಿಕೊಂಡ ರೇಸ್ ಕಾರಿನಲ್ಲಿ, ನಡೆಯುವ ವೇಗದಲ್ಲಿ. ಮೊಪೆಡ್ಡಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡಿದ್ದ ಹಿರಿಯರೊಬ್ಬರು ನಮ್ಮನ್ನು ದಾಟಿ ಹೋದರು. ದಾಟುವಾಗ ಒಳಕ್ಕೆ ಬಗ್ಗಿ ನೋಡಿದರು.

"ಬರ್ಕೊ," ಎಂದ ಗೆಳೆಯ, "ಇವತ್ತಿನ್ ಫಸ್ಟ್ ಪ್ರೈಜ್ ಅವ್ರದ್ದೇ."

ಟೈರು ಸಿಕ್ಕವು. ನಮ್ಮ ಕಾರಿಗೆ ಕೂರಲಿಲ್ಲ. ನಾಗಮಂಗಲ ದಾಟುವಾಗ ಮೂರು ಹೊಡೆದಿತ್ತು, ಮೇಲೆ ಮೋಡ ದಟ್ಟವಾಗುತ್ತಿತ್ತು. ದೇವಲಾಪುರಕ್ಕೆ ಇನ್ನಷ್ಟು ದೂರ ಇರುವಾಗ ರಸ್ತೆಗೆ ಅಡ್ಡಲಾಗಿ ಒಣಗಿದ ಬೆಳೆ ಹಾಸಿತ್ತು. ನಮ್ಮ ಕಡೆ ಸುಗ್ಗಿಯಲ್ಲಿ ಇದು ಇದ್ದದ್ದೇ. ಕಣ ಮಾಡುವ ಬದಲು ಟಾರು ರಸ್ತೆಗೆ ಸುರಿದರೆ, ಹೋಗಿ ಬರುವ ವಾಹನಗಳೇ ತುಳಿದು ಕಾಳು ಬಿಡಿಸಿಕೊಡುತ್ತವೆ. ಒಕ್ಕಣೆ ಪುಕ್ಕಟೆ. ಹುರುಳಿ ಎಂದೇ ಬರೆಯುತ್ತೇನೆ, ಬರೆಯುತ್ತಿರುವವನು ನಾನಲ್ಲವೇ.

ಒಣ ಬಳ್ಳಿ ಕಾರಿನ ಕೆಳಗೆ ಸುತ್ತಿಕೊಂಡು, ಕಾದ ಸೈಲೆನ್ಸರಿಗೆ ತಗುಲಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಅದಕ್ಕೆ ನಾನು ರಸ್ತೆಯಂಚಿನ ಮಣ್ಣಿಗೆ ಇಳಿಸಿ ದಾಟಲು ನೋಡಿದೆ. ಪೊರಕೆ ಹಿಡಿದ ಅಜ್ಜಿಯೊಬ್ಬರು ಬಂದು ಸರಿಯಾಗಿ ಆ ಮಣ್ಣಿನ ಮೇಲೇ ನಿಂತರು.

"ಅದ್ಯಾಕ್ಲಾ ಪಕ್ಕುಕ್ ತಕ್ಕಂಡೋಯ್ತೀಯ? ಮ್ಯಾಕ್ ಅತ್ಸು."

"ಅವ್ವಾ, ನಾಲ್ಕ್ ಗಂಟೆಗೆ ಸೇರ್ಕೋಬೇಕು ನಾವು."

"ಮಳೆ ಬಂದ್ಬುಟ್ರೆ ಇದೆಲ್ಲ ಮೊಳ್ಕೆ ಒಡ್ದೋಯ್ತದೆ ಕಣ್ ಮಗ. ಬಸ್ಸೂ ಬಂದಿಲ್ಲ ಇವತ್ತು." ಅವರು ಕಾರಿನ ಸುತ್ತ ಒಂದು ಸುತ್ತು ಬಂದರು. "ಇಷ್ಟೊಂದ್ ಚೀಟಿ ಅಂಟ್ಸ್ಕಂಡಿದ್ದೀರಲ್ಲ, ಯಾವ್ ಪಾರ್ಟಿಯೋರ್ಲಾ ನೀವು?"

"ಪಾರ್ಟಿ ಅಲ್ಲ ಕಣವ್ವ," ಎಂದ ಗೆಳೆಯ, "ರೇಸು."

"ಯಾರ್ ಜೊತೆ?"

"ಯಾರ್ ಜೊತೇನೂ ಅಲ್ಲ. ಒಬ್ಬೊಬ್ರೇ ಓಡ್ಸೋದು. ಗಡಿಯಾರ ಇಟ್ಕಂಡ್ ನೋಡ್ತಾರೆ."

"ಒಬ್ನೇ ಓಡಿ ಗೆಲ್ಲಕ್ಕೂ ಇಷ್ಟ್ ಚೀಟಿ ಬೇಕಾ?" ಎಂದರು ಅಜ್ಜಿ. "ಗೆಲ್ಲೀವ್ರಂತೆ. ಮೊದ್ಲು ಎಲ್ಡ್ ಸುತ್ತು ಒಡ್ದ್ ಓಗಿ."

ಗೆಳೆಯ ನನ್ನ ಕಡೆ ನೋಡಿದ. ಅವನ ಕಣ್ಣಿನಲ್ಲಿ ಹೈಸ್ಕೂಲಿನ ಹಿಂದಿನ ಬೆಂಚು ಕಾಣಿಸಿತು. ನಾನು ಹತ್ತಿಸಿದೆ. ಹೋಗಿ ತಿರುಗಿಸಿಕೊಂಡು ಬಂದೆ. ಎರಡು ಸುತ್ತು ಎಂದದ್ದು ಎಷ್ಟಾಯಿತೋ ಲೆಕ್ಕವಿಲ್ಲ. ಪ್ರತಿ ಸಲ ಅಜ್ಜಿ ಬೆರಳೆತ್ತಿ "ಇದೊಂದೇ ಕಣಪ್ಪ" ಎನ್ನುತ್ತಿದ್ದರು. ಗೆಳೆಯ ರೇಸಿನಲ್ಲಿ ಕೂಗುವ ಗಂಭೀರ ದನಿಯಲ್ಲೇ ಶುರುಮಾಡಿದ: "ಮುಂದೆ ನೇರ, ಹುಲ್ಲು. ಬಲಕ್ಕೆ ಅಜ್ಜಿ, ಬಿಗಿ. ಎಡಕ್ಕೆ ಕೋಳಿ, ಎಚ್ಚರ, ಕೋಳಿ ತಿರುಗ್ತು. ಮತ್ತೆ ಅಜ್ಜಿ." ಅವನು ಹುಲ್ಲು ಎಂದ ಎಂದು ನನ್ನ ನೆನಪು. ಹುರುಳಿ ಎಂದೂ ಅನ್ನಲಿಲ್ಲ, ರಾಗಿ ಎಂದೂ ಅನ್ನಲಿಲ್ಲ.

ಸುಟ್ಟ ವಾಸನೆ ಬಂದಾಗ ನಿಲ್ಲಿಸಿದೆವು. ಬೆಂಕಿಯಾಗಿರಲಿಲ್ಲ, ಹೊಗೆ ಅಷ್ಟೆ. ಅಜ್ಜಿ ಬಿಂದಿಗೆ ನೀರನ್ನು ಕಾರಿನ ಕೆಳಗೆ ಎರಚಿ, "ಆಯ್ತು, ಓಗಿ, ನಿಮ್ದೂ ತಡ ಆಯ್ತದೆ" ಎಂದು ನಮ್ಮನ್ನೇ ಅವಸರ ಮಾಡಿದರು.

ತಲುಪಿದಾಗ ತಪಾಸಣೆಯವರು ಮೇಜು ಮಡಿಸುತ್ತಿದ್ದರು. ಅವರಲ್ಲಿ ಹಿರಿಯರಾದ ಒಬ್ಬರು ಗೊಣಗುತ್ತ ಬಗ್ಗಿ ಕಾರಿನ ಕೆಳಗೆ ಕೈ ಹಾಕಿದರು. ಒಂದು ತೆಕ್ಕೆ ಒಣ ಬಳ್ಳಿ ಅವರ ಮುಂಗೈ ಮೇಲೆ ಬಿತ್ತು.

"ಏನ್ರೀ ಇದು?"

"ಲೋಕಲ್ ಇನ್ಸುಲೇಷನ್, ಸರ್," ಎಂದ ಗೆಳೆಯ.

ಅವರು ನಗಲಿಲ್ಲ. "ನಾನು ಟೀ ಕುಡಿದು ಬರ್ತೀನಿ. ಅಷ್ಟರಲ್ಲಿ ಒಂದು ಎಳೆ ಕಂಡರೂ ನಾಳೆ ನೀವು ಹಗ್ಗದ ಆಚೆ ನಿಂತು ನೋಡಬಹುದು."

ಇಬ್ಬರೂ ಮಣ್ಣಿನಲ್ಲಿ ಅಂಗಾತ ಮಲಗಿ ಎಳೆ ಎಳೆಯಾಗಿ ಕಿತ್ತೆವು. ಅವರಿಗೆ ಟೀ ತೀರಾ ಬಿಸಿಯಾಗಿತ್ತೆಂದು ಕಾಣುತ್ತದೆ, ಸಮಯ ಸಾಕಾಯಿತು. ಕಾರು ಪಾಸಾಯಿತು. ಎಂಜಿನ್ನಿನ ಅಡಿಗೆ ಕಲ್ಲು ಬಡಿಯದಿರಲೆಂದು ಬಿಗಿದಿರುವ ತಗಡಿನ ತಟ್ಟೆಯೊಳಗೆ ಬಿದ್ದಿದ್ದ ಕಾಳುಗಳನ್ನು ಅವರೂ ನೋಡಲಿಲ್ಲ, ನಾವೂ ತೆಗೆಯಲಿಲ್ಲ.

ಮರುದಿನದ ರೇಸಿನ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಮೊದಲ ತಿರುವು ಚೆನ್ನಾಗಿ ಹೋಯಿತು. ಎರಡನೆಯದರಲ್ಲಿ ಕಾರಿನ ಅಡಿ ದಡಾರೆಂದು ಎಲ್ಲಿಗೋ ಬಡಿಯಿತು, ಎಂಜಿನ್ ಕೆಮ್ಮಿ ನಿಂತಿತು, ಮತ್ತೆ ಶುರುಮಾಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಾರು ಒಳಮಗ್ಗುಲಲ್ಲೇ ಇತ್ತು, ಗೆಳೆಯ ತಿರುವನ್ನು ತಡವಾಗಿ ಕೂಗಿದ, ಅಲ್ಲಿದ್ದ ಗುಂಡಿ ಅದಕ್ಕೇ ತಪ್ಪಿಸಲಾಗಲಿಲ್ಲ. ಇದು ನನ್ನ ನೆನಪು. ಇದನ್ನು ನಾನು ನಾಲ್ಕು ಜನರ ಎದುರಿಗೇ ಹೇಳಿದೆ.

"ನಾನ್ ಟೈಮ್‌ಗೇ ಕೂಗ್ದೆ," ಎಂದ ಅವನು. "ನೀನ್ ಆಚ್ಗೆ ಜಾರಿ ಬದಿನ್ ಮ್ಯಾಲ್ ಅತ್ಸ್‌ದೆ. ಒಪ್ಕೊ."

"ಸಾಕ್ಷಿ?"

"ಸಾಕ್ಷಿ ಕೇಳ್ತೀಯಾ? ಪಕ್ದಲ್ ಕೂತಿದ್ದೋನು ನಾನು ಕಣ್ಲಾ. ಬಸ್, ಆಯ್ತು. ನೀನ್ ಒಪ್ಕೊಳೋ ಗಂಟ ನಿನ್ ಎಡುಕ್ ಕೂರಕಿಲ್ಲ."

ಮಾತು ಬಿಟ್ಟಿದ್ದರೆ ಸುಲಭವಿತ್ತು. ಅವನು ಮಾತು ಬಿಡಲಿಲ್ಲ, ಸೀಟು ಬಿಟ್ಟ. ನನ್ನ ಮನೆಯ ಕಾರಿನಲ್ಲಿ ಮೊದಲಿನಂತೆಯೇ ಬರುತ್ತಿದ್ದ, ಮದುವೆಗೆ, ಸ್ಪೇರ್ ಪಾರ್ಟು ತರಲು, ಎಲ್ಲದಕ್ಕೂ. ಆದರೆ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದ. ಕಾಲು ಚಾಚಿ, ಕಿಟಕಿ ಇಳಿಸಿ, "ನಡೀರಿ ಡ್ರೈವರ್" ಎನ್ನುತ್ತಿದ್ದ. ಪಾಂಡವಪುರದ ಹೋಟೆಲೊಂದರಲ್ಲಿ ಅವನಿಗೆ ಒಳಗೆ ಎಲೆ ಹಾಕಿ, ನನಗೆ ಹೊರಗೆ ಡ್ರೈವರುಗಳ ಬೆಂಚು ತೋರಿಸಿದರು. ಅವನು ತಿದ್ದಲಿಲ್ಲ.

ಹೊಸ ರೇಸುಗಳಿಗೆ ಹೆಸರು ಕೊಡುವ ಸಮಯ ಹತ್ತಿರವಾಯಿತು. ಎಡಗಡೆಗೆ ಒಬ್ಬರಿಲ್ಲದೆ ಹೆಸರು ಕೊಡುವ ಹಾಗಿಲ್ಲ. ಬೇರೆ ಒಬ್ಬರನ್ನು ಕೂರಿಸಿ ನೋಡಿದೆ. ಅವರು ತಿರುವು ಬಂದಾಗಲೆಲ್ಲ ಕಣ್ಣು ಮುಚ್ಚಿಕೊಂಡು ದೇವರ ಹೆಸರು ಕೂಗಿದರು. ಯಾವ ಕಡೆಯ ತಿರುವು ಎಂದು ಅದರಿಂದ ತಿಳಿಯುತ್ತಿರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಯಾವುದೋ ಕೆಲಸಕ್ಕೆ ಆ ಕಡೆ ಹೋದವನು ಟ್ರ್ಯಾಕಿನ ಹತ್ತಿರ ಇಳಿದೆ. ಹೊಲ ಮತ್ತೆ ಬೀಳು ಬಿದ್ದಿತ್ತು. ಎರಡನೇ ತಿರುವಿನಲ್ಲಿ ಮಾತ್ರ ಹುಲ್ಲಿನ ನಡುವೆ ಬೇರೆ ಬಗೆಯ ಹಸಿರು, ಬಿಲ್ಲಿನಂತೆ ಬಾಗಿದ ಪಟ್ಟಿ. ನಮ್ಮ ತಟ್ಟೆಯಿಂದ ಉದುರಿದ ಕಾಳು ಮೊಳೆತಿತ್ತು. ಕಾರು ಹೋದ ದಾರಿಯನ್ನು ಗಿಡಗಳೇ ಬರೆದಿಟ್ಟಿದ್ದವು. ಹತ್ತಿರ ಹೋಗಿ ನೋಡದೆ ಸೀದಾ ಶ್ರೀರಂಗಪಟ್ಟಣಕ್ಕೆ ಬಂದೆ. ಇಂಥದ್ದನ್ನು ಒಬ್ಬನೇ ನೋಡಬಾರದು.

"ಸಾಕ್ಷಿ ಸಿಕ್ಕಿದೆ, ಬಾ," ಎಂದೆ ಗೆಳೆಯನಿಗೆ.

ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಕಾಲು ಚಾಚಿಕೊಂಡು ಬಂದ. ಇಬ್ಬರೂ ತಿರುವಿನಲ್ಲಿ ನಿಂತೆವು. ಹಸಿರು ಪಟ್ಟಿ ಒಳಮಗ್ಗುಲಲ್ಲಿ ಶುರುವಾಗಿ, ಒಳಮಗ್ಗುಲಲ್ಲೇ ಸಾಗಿ, ಅರ್ಧಕ್ಕೇ ನಿಂತಿತ್ತು.

"ನೋಡು," ಎಂದೆ. "ಒಳಗೇ ಇದೆ."

ಅವನು ಕುಕ್ಕರಗಾಲಿನಲ್ಲಿ ಕೂತು, ಪಟ್ಟಿ ನಿಂತ ಜಾಗದಿಂದ ಹೊರಗಿನ ಬದುವಿನವರೆಗೆ ನೆಲವನ್ನು ನೋಡುತ್ತ ಹೋದ. ಮೊಟಕು ಮೊಟಕಾದ ಕಡ್ಡಿಗಳು ಕಂಡವು, ಅವುಗಳ ಸುತ್ತ ಹಿಕ್ಕೆ.

"ಆಚೆದ್ನೆಲ್ಲ ಮೇಕೆ ತಿಂದ್ಬುಟ್ಟವೆ. ಇಲ್ಲಿಂದ ಬದಿನ್ ಗಂಟ ಇತ್ತು ಇದು. ನೋಡು, ಹಿಕ್ಕೆ."

"ಮೇಕೆ ಬಂದಿತ್ತು ಅನ್ನೋದಕ್ಕೆ ಹಿಕ್ಕೆ ಸಾಕ್ಷಿ. ಏನು ತಿಂತು ಅನ್ನೋದಕ್ಕಲ್ಲ."

"ಹಂಗಾದ್ರೆ ಮೇಕೆನೇ ಕರ್ದು ಕೇಳು. ನೀನ್ ಓದಿರೋದ್ ಅದೇ ಅಲ್ವಾ?"

ನಿಜಕ್ಕೂ ಬದುವಿನ ಮೇಲೆ ಒಂದು ಮೇಕೆ ನಿಂತು ನಮ್ಮನ್ನೇ ನೋಡುತ್ತಿತ್ತು. ಜೀವಮಾನದಲ್ಲಿ ನಾನು ಬಿತ್ತಿದ್ದರಲ್ಲಿ ಬದುಕಿದ್ದು ಇದೊಂದೇ ಬೆಳೆ, ಅದೂ ಗೊತ್ತಿಲ್ಲದೆ ಬಿತ್ತಿದ್ದು. ಅದಕ್ಕೂ ಇವು ಬಾಯಿ ಹಾಕಿದ್ದವು, ಅದೂ ಬೇಕಾದ ಅರ್ಧಕ್ಕೇ.

"ಅದಿರಲಿ," ಎಂದೆ, "ಇದು ರಾಗಿ ಅಲ್ಲ ಅಂತಾದ್ರೂ ಒಪ್ಕೋತೀಯಾ?"

"ರಾಗಿ ಅಂತ ನಾನ್ ಯಾವತ್ತ್ ಅಂದಿದ್ದೆ?" ಎಂದ.

ನಾಲ್ಕೈದು ಹಿಡಿ ಒಣಗಿದ ಕಾಯಿ ಕಿತ್ತು ಶರ್ಟಿನ ತುದಿಯಲ್ಲಿ ಹಾಕಿಕೊಂಡು ಅವನು ಕಾರಿನ ಕಡೆ ನಡೆದ. ಹಿಂದಿನ ಬಾಗಿಲಿಗೆ ಕೈ ಹಾಕಿದವನು ನಿಂತ. ಆಮೇಲೆ ಮುಂದಿನದನ್ನು ತೆಗೆದು ನನ್ನ ಎಡಕ್ಕೆ ಕೂತ.

"ಒಪ್ಪಿದ್ದೀನಿ ಅಂತಲ್ಲ," ಎಂದ. "ಹಿಂದ್ಗಡೆ ಬಿಸ್ಲು."

ಮೋಡ ಕವಿದಿತ್ತು. ನಾನು ಸಾಕ್ಷಿ ಕೇಳಲಿಲ್ಲ. ನಾಗಮಂಗಲದ ರಸ್ತೆ ಹಿಡಿಯುವ ಮೊದಲೇ ಅವನು ಶುರುಮಾಡಿದ: "ಮುಂದೆ ಬಲ, ಬಿಗಿ. ಒಳ್ಗೇ ಇರು. ಈ ಸಲನಾದ್ರೂ ಕೇಳುಸ್ಕೊ." ಆ ತಿರುವಿನಲ್ಲಿ ನಾನು ಒಳಗೇ ಇದ್ದೆ ಎಂದು ನನ್ನ ನೆನಪು.

ಮನೆಗೆ ಬಂದು ಕಾಯಿಗಳನ್ನು ಸುಲಿದು, ರಾತ್ರಿ ನೆನೆಹಾಕಿ, ಬೆಳಿಗ್ಗೆ ಬೇಯಿಸಿ ಕಟ್ಟು ಬಸಿದೆ. ಅವನೂ ಬಂದು ಕುಡಿದ, ಇನ್ನೊಂದು ಲೋಟ ಕೇಳಿದ. ಅದು ಹುರುಳಿಯೇ.