ಗೋಡೆ ಕಡೆಯ ಹಲ್ಲುಗಳು

ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಡಿಗ್ರಿ ಎಂದು. ಓದಿದ್ದಕ್ಕಲ್ಲ, ಬಾಯಿ ಬಿಟ್ಟರೆ ಮೂವತ್ತು ಡಿಗ್ರಿ, ಇಪ್ಪತ್ತೈದು ಡಿಗ್ರಿ ಎನ್ನುತ್ತಿದ್ದುದಕ್ಕೆ. ಮರ ಕೊಯ್ಯುವ ಮಷೀನಿನ ಚೈನುಗಳಿಗೆ ಸಾಣೆ ಹಿಡಿಯುವುದು ಅವನ ಕಸುಬು. ಮದುವೆಯ ಹೊಸತರಲ್ಲಿ ಹೆಂಡತಿ, 'ಆಹಾ, ಎಷ್ಟು ತಿಳಿದವರು!' ಎಂದುಕೊಂಡಿದ್ದಳು. ಮಗಳು ಹುಟ್ಟುವ ಹೊತ್ತಿಗೆ ಆ 'ಆಹಾ' ಇಳಿದಿತ್ತು.

ಅಂಗಡಿಯ ಮೇಜು ಬಾಗಿಲಿಗೆ ಅಡ್ಡವಾಗಿತ್ತು. ಮಷೀನನ್ನು ಅದಕ್ಕೆ ಬಿಗಿದು, ದುಂಡನೆಯ ಅರ ಹಿಡಿದು ರಸ್ತೆಗೆ ಮುಖಮಾಡಿ ನಿಂತನೆಂದರೆ ಸಭೆ ಶುರು. "ಮೆತ್ತನೆ ಮರಕ್ಕೆ ಹಲ್ಲಿನ ಓರೆ ಮೂವತ್ತೈದು ಇಟ್ರೂ ನಡೆಯುತ್ತೆ, ಬೆಣ್ಣೆ ಕೊಯ್ದಂಗೆ ಹೋಗುತ್ತೆ. ಅದನ್ನೇ ಗಟ್ಟಿ ಮರಕ್ಕೆ ಇಟ್ರೋ, ಅಂಚು ತೆಳ್ಳಗಾಗಿ ಮಧ್ಯಾಹ್ನಕ್ಕೇ ಮೊಂಡು! ಗಟ್ಟಿ ಮರಕ್ಕೆ ಇಪ್ಪತ್ತೈದು. ನಿಧಾನ ಕೊಯ್ಯುತ್ತೆ, ಬಾಳಿಕೆ ಬರುತ್ತೆ." ಹೇಳುವುದೆಲ್ಲ ಸರಿಯೇ. ಒಂದೊಂದು ಹಲ್ಲಿಗೂ ಒಂದೊಂದು ಕಥೆ, ಕಥೆ ಮುಗಿಯುವವರೆಗೂ ಅಚ್ಚುಕಟ್ಟಾಗಿ ಅರದ ಉಜ್ಜು.

ಆದರೆ ಚೈನಿನ ಹಲ್ಲುಗಳು ಒಂದು ಎಡಕ್ಕೆ, ಮುಂದಿನದು ಬಲಕ್ಕೆ ಮುಖ ಮಾಡಿರುತ್ತವೆ. ಒಂದು ಕಡೆಯವು ಮುಗಿದ ಮೇಲೆ ಮೇಜಿನ ಈಚೆ ಬಂದು, ರಸ್ತೆಗೆ ಬೆನ್ನು ಹಾಕಿ, ಗೋಡೆ ನೋಡುತ್ತ ಇನ್ನೊಂದು ಕಡೆಯವನ್ನು ಉಜ್ಜಬೇಕು. ಗೋಡೆ ತಲೆದೂಗುವುದಿಲ್ಲ, 'ಹೌದಾ!' ಎನ್ನುವುದೂ ಇಲ್ಲ. ಡಿಗ್ರಿಗೆ ಬೇಸರ ಬಂದುಬಿಡುತ್ತಿತ್ತು. ಬೇಕೋ ಬೇಡವೋ ಎಂದು ಒಂದೆರಡು ಉಜ್ಜು. ಓರೆ ಎಷ್ಟೆಂಬುದು ಅರದ ಇಷ್ಟ. ಹೀಗೆ ಅರ್ಧ ಹಲ್ಲು ಹರಿತ, ಅರ್ಧ ಹಲ್ಲು ಮೊಂಡಾದ ಚೈನು ಹರಿತವಿದ್ದ ಕಡೆಗೇ ಎಳೆಯುತ್ತಿದ್ದುದರಿಂದ, ನೆಟ್ಟಗೆ ಇಟ್ಟ ಕೊಯ್ತ ಬಾಳೆಹಣ್ಣಿನಂತೆ ಬಾಗುತ್ತಿತ್ತು. ಗಿರಾಕಿ ಮುಖ ಊದಿಸಿಕೊಂಡು ಬಂದರೆ ಉತ್ತರ ಸಿದ್ಧ: "ಮರದ ನಾರೇ ಡೊಂಕು, ನಾನೇನ್ ಮಾಡ್ಲಿ?"

ಹೆಂಡತಿಗೆ ಇದೇನೂ ಹೊಸದಲ್ಲ. ಮನೆಯ ಮುಂದಿನ ಗೋಡೆಗೆ ಬಣ್ಣ ಹೊಡೆದ ಮಹಾನುಭಾವ ಹಿಂದಿನ ಗೋಡೆಯನ್ನು ಮುಟ್ಟಿಯೇ ಇರಲಿಲ್ಲ. ಅಂಗಿಗೆ ಇಸ್ತ್ರಿಯೂ ಎದೆಗಷ್ಟೇ. ಅವಳು ನಕ್ಕು ಸುಮ್ಮನಿರುತ್ತಿದ್ದಳು, ಹಿತ್ತಲಿನ ಒಣಮರ ವಾಲುವ ತನಕ. ಬಾಣಂತನಕ್ಕೆ ಬಂದಿದ್ದ ಮಗಳು ಹಸುಗೂಸಿನೊಂದಿಗೆ ಮಲಗುತ್ತಿದ್ದ ಕೋಣೆ ಅದರ ಪಕ್ಕದಲ್ಲೇ ಇತ್ತು.

ಮರ ಕಡಿಯುವ ಕೆಲಸದ ತಮ್ಮನನ್ನು ಕರೆಸಿದಳು. ಅವನು ಮರಕ್ಕೊಂದು ಸುತ್ತು ಬಂದ. "ಅಕ್ಕ, ಇದನ್ನ ಕಾಂಪೌಂಡಿನ ಉದ್ದಕ್ಕೇ ಕೆಡವಬೇಕು. ಕೊಯ್ತ ಓರೆಯಾಯ್ತೋ, ತಿರುಗಿ ಕೋಣೆ ಮೇಲೇ ಬೀಳುತ್ತೆ. ಭಾವನ ಸಾಣೆ ಬೇಡ. ಪಕ್ಕದ ಬೀದಿಯವನ ಹತ್ರ ಹಿಡಿಸ್ಕೊಂಡು ಬರ್ತೀನಿ."

ಒಳಗಿದ್ದ ಡಿಗ್ರಿ ಬಾಣದಂತೆ ಹೊರಬಂದ. "ಏನಂದೆ? ನನ್ನ ಹಿತ್ತಲ ಮರಕ್ಕೆ ಇನ್ನೊಬ್ಬನ ಸಾಣೆ ತಾಗಿದ್ರೆ ನಾನು ಇನ್ನು ಅಂಗಡಿ ಬಾಗಿಲೇ ತೆಗೆಯಲ್ಲ!"

"ತೆಗೀಬೇಡಿ ಭಾವ. ಮರಗಳಾದ್ರೂ ನೆಟ್ಟಗಾಗ್ತವೆ."

ಹೆಂಡತಿ ನಡುವೆ ಬಂದು ನಿಂತಳು. ಮಗುವನ್ನೇನೋ ಎತ್ತಿಕೊಂಡು ಆಚೆ ಹೋಗಬಹುದು, ಕೋಣೆಯನ್ನು ಎತ್ತಿಕೊಂಡು ಹೋಗಲಾದೀತೇ? ಕೋಣೆ ಹೋದರೆ ಕೂಸನ್ನು ಮಲಗಿಸುವುದೆಲ್ಲಿ? ಅಂಗಡಿ ಮುಚ್ಚಿದರೆ ಈ ಗಂಡನನ್ನು ದಿನವಿಡೀ ಮನೆಯಲ್ಲಿ ಸಹಿಸುವುದು ಹೇಗೆ? "ಮಷೀನು ಇಲ್ಲೇ ಬಿಟ್ಟು ನಾಳೆ ಬಾರೋ, ಚೈನು ತಯಾರಿರುತ್ತೆ" ಎಂದು ತಮ್ಮನನ್ನು ಕಳಿಸಿದಳು.

ಅಂಗಡಿಯಲ್ಲಿ ಡಿಗ್ರಿ ರಸ್ತೆಯವರಿಗೆ ಭಾಷಣ ಮುಗಿಸಿ ಮೇಜಿನ ಈಚೆ ಬಂದಾಗ, ಅವನೆದುರಿಗೆ ಗೋಡೆಗೊರಗಿ ಸ್ಟೂಲಿನ ಮೇಲೆ ಹೆಂಡತಿ ಕೂತಿದ್ದಳು. ಕೈಯಲ್ಲಿ ಮಗುವಿನ ಕುಲಾವಿ, ಸೂಜಿ.

"ನೀನ್ಯಾಕೆ ಇಲ್ಲಿ?"

"ರೀ, ಈ ಕಡೆ ಹಲ್ಲಿಗೂ ಅಷ್ಟೇ ಡಿಗ್ರೀನಾ?"

"ಅದೆಲ್ಲ ನಿನಗೆ ತಿಳಿಯುತ್ತಾ?"

"ನೀವು ಹೇಳಿದ್ರೆ ಈ ಗೋಡೆಗೂ ತಿಳಿಯುತ್ತೆ."

ಡಿಗ್ರಿ ಅನುಮಾನದಿಂದ ನೋಡಿದ. ಆದರೆ ಕೇಳುವ ಕಿವಿ ಎದುರಿಗಿರುವಾಗ ಅವನ ಬಾಯಿ ಎಂದು ಸುಮ್ಮನಿತ್ತು? ಕಥೆ ಶುರುವಾಯಿತು, ಅರವೂ ನೆಟ್ಟಗೆ ನಡೆಯತೊಡಗಿತು. ಮದುವೆಯಾದಾಗಿನಿಂದ ಕೇಳಿದ ಅದೇ ಪುರಾಣಕ್ಕೆ ಅವಳು ಹೊಸದಾಗಿ ಹೂಂಗುಟ್ಟಿದಳು. ಅವನೊಂದು ಹಲ್ಲನ್ನು ಬೇಗ ದಾಟಿಸಿದರೆ, "ಅಯ್ಯೋ, ಇದರ ಕಥೆ ಬಿಟ್ಟೇ ಹೋಯ್ತಲ್ರೀ!" ಅವನು ಹಿಂದಿರುಗಿ ಅದಕ್ಕೂ ಹೇಳುತ್ತಿದ್ದ, ಉಜ್ಜುತ್ತಿದ್ದ.

ಮರುದಿನ ಮಗು, ಬಾಣಂತಿ ಎದುರು ಮನೆಯಲ್ಲಿ. ಹೆಂಡತಿ ಸೆರಗು ಬಾಯಿಗೊತ್ತಿ ನಿಂತಿದ್ದಳು. ಮಷೀನು ಕಿರುಚಿತು, ಮರ ನರಳಿತು, ಕಾಂಪೌಂಡಿನ ಉದ್ದಕ್ಕೆ ಶಿಸ್ತಾಗಿ ಮಲಗಿತು. ಕೋಣೆಯ ಹೆಂಚೊಂದೂ ಅಲುಗಲಿಲ್ಲ.

ಅವಳ ತಮ್ಮ ಕೊಯ್ದ ಬುಡದ ಮೇಲೆ ಕೈಯಾಡಿಸಿದ. ಹಲಗೆಯಂತೆ ನೆಟ್ಟಗಿತ್ತು. "ಭಾವ, ಇದು ನಿಜವಾಗ್ಲೂ ನೀವೇ ಹಿಡಿದ ಸಾಣೆನಾ?"

"ಮತ್ತೆ ನಿಮ್ಮಪ್ಪ ಬಂದು ಹಿಡಿದ್ರಾ? ತಪ್ಪೆಲ್ಲ ಮರದ್ದು ಅಂತ ಮೊದಲಿಂದ ಹೇಳ್ತಾನೇ ಇದ್ದೆ. ಈ ಮರ ಸಂಭಾವಿತ."

ದಿನಾ ಹೋಗಿ ಕೂರಲು ಅವಳಿಗೇನು ಬೇರೆ ಕೆಲಸವಿಲ್ಲವೇ? ಮೂಲೆ ಒಡೆದ ಹಳೇ ಕನ್ನಡಿಯೊಂದನ್ನು ಒಯ್ದು ಅಂಗಡಿಯ ಗೋಡೆಗೆ ನೇತುಹಾಕಿದಳು. "ಬೆನ್ನ ಹಿಂದೆ ಗಿರಾಕಿ ಬಂದ್ರೆ ಗೊತ್ತಾಗುತ್ತೆ" ಎಂದು ನೆಪ ಹೇಳಿದಳು. ಈಗ ಡಿಗ್ರಿ ಗೋಡೆ ಕಡೆಯ ಹಲ್ಲುಗಳನ್ನೂ ಕಥೆ ಹೇಳುತ್ತಲೇ ಉಜ್ಜುತ್ತಾನೆ. ಹೇಳಿದ್ದಕ್ಕೆಲ್ಲ ಸರಿಯಾದ ಹೊತ್ತಿಗೆ ತಲೆದೂಗುವ ಅಂಥ ಕೇಳುಗ ಅವನಿಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಮನೆಯ ಹಿಂದಿನ ಗೋಡೆಗೆ ಬಣ್ಣ ಹೊಡೆಸಬೇಕಾದರೆ ಎಷ್ಟು ದೊಡ್ಡ ಕನ್ನಡಿ ಬೇಕಾದೀತೆಂದು ಹೆಂಡತಿ ಹಿತ್ತಲಲ್ಲಿ ಅಳತೆ ನೋಡುತ್ತಿದ್ದಾಳೆ.