ನಾಜಲ್ಲಿನ ಟೋಪಿ

ದಿನಾ ಬಸ್ಸಿನಲ್ಲಿ ಕಡೂರಿನಿಂದ ತರೀಕೆರೆಗೆ ಓಡಾಡುತ್ತಿದ್ದ ಆ ಮೂರು ವರ್ಷ ನಾನು ಒಂದು ಪೆಟ್ರೋಲ್ ಬಂಕಿನಲ್ಲಿ ಮ್ಯಾನೇಜರಾಗಿದ್ದೆ. ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮಾಡಿ, ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಕಾದು, ಅದು ಖಾಯಂ ಆಗುವುದಿಲ್ಲ ಎಂದು ಖಾತ್ರಿಯಾದ ಮೇಲೆ ಸೇರಿದ ಕೆಲಸ. ನನ್ನ ಓದನ್ನು ಮೊದಲೇ ಹೇಳಿಬಿಡುವುದಕ್ಕೆ ಕಾರಣವಿದೆ. ಈ ಸಂಗತಿಯಲ್ಲಿ 'ನನಗೆ ಗೊತ್ತಿರಲಿಲ್ಲ' ಎಂದು ಬೇರೆ ಯಾರು ಬೇಕಾದರೂ ಹೇಳಬಹುದು. ನಾನು ಹೇಳುವಂತಿಲ್ಲ.

ಬಂಕು ತರೀಕೆರೆಯ ಹೊರಗೆ, ಹೆದ್ದಾರಿಯ ಮೇಲಿತ್ತು. ಯಜಮಾನರು ಅಜ್ಜಂಪುರದವರು. ವಾರಕ್ಕೆ ಎರಡು ಸಲ ಬಂದು ಹೋಗುತ್ತಿದ್ದರು, ಉಳಿದ ದಿನ ಫೋನು. ಹೊಸ ಬಂಕಾದ್ದರಿಂದ ಹೊಸ ನಿಯಮವೂ ಜೊತೆಗೇ ಬಂದಿತ್ತು. ಗಾಡಿಗೆ ಪೆಟ್ರೋಲ್ ಹಾಕುವಾಗ ಅದರ ಟ್ಯಾಂಕಿನಿಂದ ಮೇಲೇಳುವ ಆವಿ ಗಾಳಿಗೆ ಸೇರಬಾರದು, ಅದನ್ನು ಹೀರಿ ನೆಲದಡಿಯ ಟ್ಯಾಂಕಿಗೇ ಕಳಿಸಬೇಕು. ಅದಕ್ಕಾಗಿ ನಾಜಲ್ಲಿನ ಸುತ್ತ ಸುಕ್ಕುಸುಕ್ಕಾದ ಕರಿ ರಬ್ಬರಿನ ಒಂದು ಕವಚ. ಗಾಡಿಯ ಟ್ಯಾಂಕಿನ ಬಾಯಿಗೆ ಅದನ್ನು ಒತ್ತಿ ಹಿಡಿದರೆ ಬಾಯಿ ಮುಚ್ಚಿಕೊಳ್ಳುತ್ತದೆ, ಒಳಗಿನ ಆವಿಯನ್ನು ಒಂದು ಮೋಟಾರು ಎಳೆದುಕೊಳ್ಳುತ್ತದೆ. ಕಂಪನಿಯ ಕಾಗದಗಳಲ್ಲಿ ಅದಕ್ಕೆ ಉದ್ದನೆಯ ಇಂಗ್ಲಿಷ್ ಹೆಸರಿತ್ತು. ನಮ್ಮಲ್ಲಿ ಎಲ್ಲರೂ ಟೋಪಿ ಅನ್ನುತ್ತಿದ್ದರು.

ಆ ಹೆಸರಿಟ್ಟದ್ದು ಆಪಾ ಎಂದು ನನ್ನ ನೆನಪು. ಒಂದನೇ ಪಂಪಿನಲ್ಲಿ ಪೆಟ್ರೋಲ್ ಹಾಕುತ್ತಿದ್ದವರು ಅವರೇ. ನಲವತ್ತು ದಾಟಿದ ಹೆಂಗಸು. ಮೊದಲು ಬಟ್ಟೆ ಅಂಗಡಿಯೊಂದರಲ್ಲಿದ್ದು, ಅದು ಮುಚ್ಚಿದ ಮೇಲೆ ನಮ್ಮಲ್ಲಿಗೆ ಬಂದಿದ್ದರು. ತರೀಕೆರೆ ಪೇಟೆಯಲ್ಲಿ ತಮ್ಮನ ಮನೆಯಲ್ಲಿದ್ದರು. ಆ ತಮ್ಮ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಅವರು ಅಕ್ಕನನ್ನು ಆಪಾ ಎನ್ನುವುದನ್ನು ಕೇಳಿ ನಾವೆಲ್ಲರೂ ಹಾಗೆಯೇ ಕರೆಯುತ್ತಿದ್ದೆವು. ನಾಜಲ್ ಕೈಗೆ ತೆಗೆದುಕೊಂಡು ಬೈಕಿನವರಿಗೆ, "ಅಣ್ಣಾ, ಟೋಪಿ ಹಾಕ್ಲಾ?" ಅನ್ನುತ್ತಿದ್ದರು. ಗೊತ್ತಿದ್ದವರು ನಗುತ್ತಿದ್ದರು.

ಆಮೇಲೆ ನಾನೊಂದು ಬೋರ್ಡು ಬರೆಸಿದೆ. ಕಂಪನಿ ಕಳಿಸಿದ್ದ ಸ್ಟಿಕ್ಕರು ಇಂಗ್ಲಿಷಿನಲ್ಲಿತ್ತು, ಯಾರಿಗೂ ಅರ್ಥವಾಗುತ್ತಿರಲಿಲ್ಲ. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, 'ಇಲ್ಲಿ ಪೆಟ್ರೋಲ್ ಆವಿಯನ್ನು ವಾಪಸ್ ಎಳೆದುಕೊಳ್ಳುವ ಯಂತ್ರವಿದೆ. ಪರಿಸರ ಉಳಿಸಿ' ಎಂದು ಬರೆಸಿ, ಒಂದನೇ ಪಂಪಿನ ಪಕ್ಕದ ಕಂಬಕ್ಕೆ ಕಟ್ಟಿಸಿದೆ. ನನ್ನ ಕನ್ನಡದ ಬಗ್ಗೆ ನನಗೆ ಹೆಮ್ಮೆಯಿತ್ತು.

ಒಂದು ವಾರವೂ ಆಗಿರಲಿಲ್ಲ. ಯಗಟಿ ಕಡೆಯಿಂದ ಕುರಿ ಮಾರಲು ಬಂದಿದ್ದ ಇಬ್ಬರು ಬೈಕ್ ನಿಲ್ಲಿಸಿ ಬೋರ್ಡು ಓದಿದರು.

"ಏನ್ ಬರ್ದವ್ರೆ ನೋಡ್ಲೇ. ವಾಪಸ್ ಎಳ್ಕಂತಾರಂತೆ."

"ಅದಕ್ಕೇ ಕಣೋ ರಬ್ಬರ್ ಮುಚ್ಚಿರೋದು. ಬೀಳೋದೂ ಕಾಣಂಗಿಲ್ಲ, ಎಳ್ಕಳೋದೂ ಕಾಣಂಗಿಲ್ಲ."

"ಟೋಪಿ ಅಂತ ಆಯಮ್ಮನೇ ಬಾಯ್ಬಿಟ್ಟು ಹೇಳ್ತಾವ್ಳಲ್ಲ, ಇನ್ನೇನ್ ಬೇಕು ನಿಂಗೆ?"

ನಾನು ಆಫೀಸಿನಿಂದ ಹೊರಗೆ ಬಂದು, ಅದು ಪೆಟ್ರೋಲಲ್ಲ, ಬರೀ ಆವಿ ಎಂದು ವಿವರಿಸಿದೆ. ಅವರಲ್ಲಿ ಹಿರಿಯನಾಗಿದ್ದವನು ಸಮಾಧಾನದಿಂದಲೇ ಕೇಳಿದ. "ಆವಿ ಎಲ್ಲಿಂದ ಬತ್ತದೆ ಮೇಡಂ? ನಮ್ ಪೆಟ್ರೋಲಿಂದ ತಾನೆ? ಹಂಗಾದ್ರೆ ಅದೂ ನಮ್ದೇ." ನಾನು ಆಫೀಸಿಗೆ ವಾಪಸ್ ಹೋದೆ.

ಬೋರ್ಡಿನ ಫೋಟೋ ಮೊಬೈಲಿಂದ ಮೊಬೈಲಿಗೆ ಹೋಯಿತು. ಬೈಕಿನವರು ಎದುರಿನ ಹಳೆಯ ಬಂಕಿಗೆ ತಿರುಗತೊಡಗಿದರು. ಬಂದವರೂ ಟೋಪಿ ಎತ್ತಿ ಹಿಡಿ, ಬೀಳೋದು ಕಾಣ್ಲಿ ಎಂದು ಆಪಾ ಜೊತೆ ಜಗಳಕ್ಕೆ ನಿಲ್ಲುತ್ತಿದ್ದರು. ಬೋರ್ಡು ಬಿಚ್ಚಿಸಿದೆ. ಜಗಳ ನಿಲ್ಲಲಿಲ್ಲ.

ಇನ್ನು ಟೋಪಿ ಕತ್ತರಿಸಿದ ದಿನ. ನನಗೆ ನೆನಪಿರುವುದು ಹೀಗೆ. ಮಧ್ಯಾಹ್ನ, ಜಡಿಮಳೆ. ಫೋನಿನಲ್ಲಿ ಯಜಮಾನರು. "ಕಿತ್ ಬಿಸಾಕಮ್ಮ ಅತ್ಲಾಗೆ. ಯಾವನ್ ಬಂದು ನೋಡ್ತಾನೆ?" ನಾನು ಹಿಂದೆಮುಂದೆ ನೋಡಿದೆ. ಆಮೇಲೆ ಆಪಾ ಬ್ಲೇಡಿನಿಂದ ರಬ್ಬರನ್ನು ಸುತ್ತಲೂ ಕೊಯ್ದು ತೆಗೆದರು. ಕವಚವಿಲ್ಲದೆ ಮೋಟಾರು ಬರೀ ಗಾಳಿ ಎಳೆಯುತ್ತಿದ್ದುದರಿಂದ ಅದರ ಸ್ವಿಚ್ಚನ್ನೂ ನಾನು ಆರಿಸಿದೆ. ಜಗಳ ನಿಂತಿತು, ಬೈಕುಗಳು ಮರಳಿದವು. ಯಜಮಾನರ ಆ ದನಿಯ ಒರಟು ಇವತ್ತಿಗೂ ಕಿವಿಯಲ್ಲಿದೆ. ವರ್ಷಗಟ್ಟಲೆ ನಾನು ಇದನ್ನು ಹೀಗೆಯೇ ನಂಬಿದ್ದೆ.

ಟೋಪಿ ಹೋದ ಮೇಲೆ ಹಳೆಯ ಬಂಕುಗಳ ರೂಢಿಯೇ ನಮ್ಮಲ್ಲಿಗೂ ಬಂತು. ಫುಲ್ ಟ್ಯಾಂಕ್ ಎಂದವರಿಗೆ ಕೊನೆಯಲ್ಲಿ ಹನಿಹನಿಯಾಗಿ ಬಿಟ್ಟು, ಬಗ್ಗಿ, ಟ್ಯಾಂಕಿನ ಬಾಯಿಗೆ ಮುಖವಿಟ್ಟು ಎಷ್ಟು ತುಂಬಿತು ಎಂದು ನೋಡಬೇಕು. ಆಪಾ ದಿನಕ್ಕೆ ಎಷ್ಟು ಸಲ ಹಾಗೆ ಬಗ್ಗುತ್ತಿದ್ದರೋ ನಾನು ಎಣಿಸಿದವಳಲ್ಲ. ನನ್ನ ಆಫೀಸಿಗೆ ಗಾಜಿನ ಬಾಗಿಲಿತ್ತು.

ಒಂದೂವರೆ ವರ್ಷದ ಮೇಲೆ ಅವರಿಗೆ ಸುಸ್ತು ಶುರುವಾಯಿತು. ಆಮೇಲೆ ಕೈಕಾಲಿನ ಮೇಲೆ ಪೆಟ್ಟು ಬೀಳದೆಯೇ ನೀಲಿ ಕಲೆಗಳು. ಒಸಡಿನಲ್ಲಿ ರಕ್ತ. ಶಿವಮೊಗ್ಗದ ಆಸ್ಪತ್ರೆಯಲ್ಲಿ ಮೂಳೆಯ ಮಜ್ಜೆ ತೆಗೆದು ಪರೀಕ್ಷೆ ಮಾಡಿದರು. ಮೈಯಲ್ಲಿ ರಕ್ತ ತಯಾರಾಗುವುದೇ ಕಡಿಮೆಯಾಗಿದೆ, ಆಗಾಗ ಬಂದು ರಕ್ತ ಏರಿಸಿಕೊಂಡು ಹೋಗಬೇಕು ಎಂದರು. ಕೆಲಸ ಏನು ಎಂದು ಕೇಳಿದ ಡಾಕ್ಟರು ಉತ್ತರ ಕೇಳಿ ಪೆನ್ನು ಕೆಳಗಿಟ್ಟರಂತೆ. "ಪೆಟ್ರೋಲೇ ಕಾರಣ ಅಂತ ನಾನು ಬರೆದುಕೊಡೋಕಾಗಲ್ಲ. ಅಲ್ಲ ಅಂತಾನೂ ಬರೆಯಲ್ಲ," ಅಂದರಂತೆ.

ಆಪಾ ಕೆಲಸ ಬಿಟ್ಟರು. ಮೇಷ್ಟ್ರಾದ ತಮ್ಮ ಅವರ ಪರವಾಗಿ ಕಾರ್ಮಿಕ ಕಚೇರಿಗೆ ಅರ್ಜಿ ಹಾಕಿದರು. ಕೇಳಿದ್ದು ಇಷ್ಟೇ, ಅಕ್ಕನ ಚಿಕಿತ್ಸೆಯನ್ನು ಬಂಕಿನವರು ನೋಡಿಕೊಳ್ಳಬೇಕು. ಯಜಮಾನರ ಉತ್ತರ ಒಂದೇ ಸಾಲಿನದು: ರಕ್ಷಣೆಗೆಂದು ಇದ್ದ ಸಾಧನವನ್ನು ಆಕೆಯೇ ಕತ್ತರಿಸಿದ್ದಾಳೆ, ಕ್ಯಾಮೆರಾದಲ್ಲಿ ದಾಖಲೆಯಿದೆ. ಅದು ಸುಳ್ಳಲ್ಲ. ಕತ್ತರಿಸಿದ ಕೈ ಆಪಾ ಅವರದೇ. ಆ ದೃಶ್ಯದಲ್ಲಿ ಯಾರು ಹೇಳಿ ಕತ್ತರಿಸಿದರು ಎಂಬುದು ಮಾತ್ರ ಕಾಣುವುದಿಲ್ಲ. ಅದನ್ನು ಹೇಳಬಲ್ಲವಳು ನಾನೊಬ್ಬಳೇ. ನಾನು ಬರೆದುಕೊಟ್ಟರೆ ಅರ್ಜಿ ನಿಲ್ಲುತ್ತದೆ, ಇಲ್ಲವಾದರೆ ಬಿದ್ದುಹೋಗುತ್ತದೆ.

ನಾನು ಬರೆದುಕೊಟ್ಟೆ. ಒಂದು ಪುಟ, ಟೈಪು ಮಾಡಿಸಿ, ತರೀಕೆರೆಯ ಅವರ ಮನೆಗೇ ಹೋಗಿ ಕೊಟ್ಟೆ. ಆಪಾ ಗೋಡೆಗೆ ಒರಗಿ ಕೂತಿದ್ದರು. ತಮ್ಮ ಎರಡು ಸಲ ಓದಿದರು.

"'ಗ್ರಾಹಕರ ಒತ್ತಡದಿಂದಾಗಿ ಸದರಿ ಸಾಧನವನ್ನು ತೆಗೆದುಹಾಕಲಾಯಿತು.' ಚೆನ್ನಾಗಿದೆ ಮೇಡಂ. ಕರ್ತೃ ಎಲ್ಲಿ?"

ಅವರು ಪತ್ರವನ್ನು ನನ್ನ ಕಡೆ ತಿರುಗಿಸಿ ಹಿಡಿದರು.

"ಎಂಟನೇ ಕ್ಲಾಸಿಗೆ ಕರ್ಮಣಿ ಪ್ರಯೋಗ ಪಾಠ ಮಾಡ್ತೀನಿ. ಯಾರು ಮಾಡಿದ್ರು ಅಂತ ಹೇಳದೇನೇ ವಾಕ್ಯ ಮುಗಿಸಬಹುದು ಮಕ್ಳೇ ಅಂತೀನಿ. ಮಕ್ಳಿಗೆ ಖುಷಿ. ಅವ್ರೂ 'ಗಾಜು ಒಡೆಯಲಾಯಿತು ಸಾರ್' ಅಂತಾರೆ."

ಆಪಾ ನಕ್ಕರು. ಆಮೇಲೆ ತಮ್ಮನಿಗೆ ಮನೆಮಾತು ದಖ್ನಿಯಲ್ಲಿ ಏನೋ ಅಂದರು. ಗದರಿದಂತಿತ್ತು. ನನ್ನ ಕಡೆ ತಿರುಗಿ, "ಅವ್ನು ಹಂಗೇ ಮೇಡಂ. ಟೀ ಕುಡೀರಿ, ಆರೋಗ್ತದೆ," ಅಂದರು.

"ಯಜಮಾನರು ಫೋನಿನಲ್ಲಿ ಹೇಳಿದ್ದು. ಹಾಗಂತ ಬರೀತೀನಿ," ಅಂದೆ.

"ಸರಿಯಾಗಿ ಜ್ಞಾಪಕ ಇದೆಯಾ?" ಮೇಷ್ಟ್ರು ಕೇಳಿದರು.

ಅದಕ್ಕೇ ಕಡೂರಿಗೆ ಬಂದು ಡೈರಿ ತೆಗೆದೆ. ಹದಿನಾರನೇ ವಯಸ್ಸಿನಿಂದ ಬರೆಯುತ್ತಿದ್ದೇನೆ, ಬರೆದದ್ದನ್ನು ತಿರುಗಿ ಓದುವುದು ಅಪರೂಪ. ಆ ದಿನದ ಪುಟದಲ್ಲಿ ನನ್ನ ಅಕ್ಷರದಲ್ಲಿ ನಾಲ್ಕು ಸಾಲಿದ್ದವು. 'ಇವತ್ತು ಟೋಪಿ ತೆಗೆಸಿದೆ. ಆಪಾ ಬೇಡ ಮೇಡಂ, ಕಂಪನಿಯವರು ಬೈತಾರೆ ಅಂದರು. ನಾನಿದ್ದೀನಿ ಅಂದೆ. ಸಂಜೆ ಯಜಮಾನರಿಗೆ ಫೋನ್ ಮಾಡಿ ಹೇಳಿದೆ, ಒಳ್ಳೇ ಕೆಲಸ ಮಾಡಿದೆ ಅಂದರು.' ಮಳೆಯ ಮಾತೇ ಇರಲಿಲ್ಲ. ಹಿಂದೆಮುಂದೆ ನೋಡಿದ್ದೂ ಇರಲಿಲ್ಲ.

ಹಾಗಾದರೆ ಕಿತ್ತು ಬಿಸಾಕು ಎಂದ ಆ ದನಿ ಯಾರದು? ಯಜಮಾನರು ಇನ್ನಾವುದೋ ದಿನ ಇನ್ನಾವುದಕ್ಕೋ ಆಡಿದ ಮಾತಿರಬಹುದು. ಅದನ್ನು ಇಲ್ಲಿಗೆ ತಂದು ಜೋಡಿಸಿಕೊಂಡವಳು ನಾನೇ. ಡೈರಿಯೂ ಪೂರ್ತಿ ಸತ್ಯವಲ್ಲ ಎಂದು ನನಗೆ ಗೊತ್ತು, ನನಗೆ ಬೇಕಾದದ್ದನ್ನಷ್ಟೇ ಬರೆದುಕೊಂಡ ದಿನಗಳೂ ಅದರಲ್ಲಿವೆ. ಆದರೆ ಆ ನಾಲ್ಕು ಸಾಲು ಬರೆಯುವಾಗ ನಾನು ಹೆದರಿರಲಿಲ್ಲ. ಹೆಮ್ಮೆಯಲ್ಲಿದ್ದೆ. ಹಾಗಾಗಿ ಅದನ್ನೇ ನಂಬಿದೆ. ಹೊಸ ಪತ್ರದಲ್ಲಿ, 'ಟೋಪಿ ಕತ್ತರಿಸಲು ನಾನು ಹೇಳಿದೆ. ಅವರು ಬೇಡ ಎಂದರೂ ಒತ್ತಾಯಿಸಿದೆ' ಎಂದು ಬರೆದು ಸಹಿ ಮಾಡಿದೆ. ಯಜಮಾನರಿಗೆ ವಿಷಯ ತಿಳಿದ ದಿನ ಬೈಯಲಿಲ್ಲ. ಬೀರುವಿನ ಕೀಲಿಕೈ ಇಸಕೊಂಡು, "ಹೊರಡಮ್ಮ," ಅಂದರು.

ವಿಚಾರಣೆ ಚಿಕ್ಕಮಗಳೂರಿನಲ್ಲಿ. ಅಧಿಕಾರಿ ನನ್ನ ಪತ್ರ ಓದಿದರು. ಆಗ ಯಜಮಾನರ ವಕೀಲರು ಚೀಲದಿಂದ ಒಂದು ರಿಜಿಸ್ಟರು ತೆಗೆದು ಮೇಜಿನ ಮೇಲಿಟ್ಟರು. ಇದನ್ನು ನಾನು ಇಷ್ಟು ಹೊತ್ತು ಬರೆಯಲಿಲ್ಲ. ಮರೆತಿದ್ದೆನೋ, ಬಿಟ್ಟಿದ್ದೆನೋ, ಹೇಳಲಾರೆ. ಆವಿ ಹೀರುವ ಸಾಧನವನ್ನು ದಿನಾ ಬೆಳಿಗ್ಗೆ ಪರೀಕ್ಷಿಸಿ ಬರೆಯಬೇಕಾದ ಪುಸ್ತಕ ಅದು. ಟೋಪಿ ತೆಗೆಸಿದ ಮೇಲೂ ಪ್ರತಿ ದಿನದ ಮುಂದೆ 'ಸುಸ್ಥಿತಿಯಲ್ಲಿದೆ' ಎಂದಿತ್ತು. ಕೆಳಗೆ ನನ್ನ ಸಹಿ.

"ನಿಮ್ದೇನಾ?" ಅಧಿಕಾರಿ ಕೇಳಿದರು.

"ನಂದೇ ಸರ್."

"ಇಲ್ಲಿ ಸರಿ ಇದೆ ಅಂತೀರಿ. ಪತ್ರದಲ್ಲಿ ಕಿತ್ತು ಹಾಕಿಸ್ದೆ ಅಂತೀರಿ. ಯಾವ ಸಹಿ ನಂಬಲಮ್ಮ ನಾನು?"

ಮೇಷ್ಟ್ರು ತಲೆ ತಗ್ಗಿಸಿಕೊಂಡರು. ಅಧಿಕಾರಿ ಆಪಾ ಕಡೆ ತಿರುಗಿದರು. ದನಿ ಮೆತ್ತಗಿತ್ತು.

"ನೀವ್ಯಾಕಮ್ಮ ಕತ್ತರಿಸಿದ್ರಿ? ಮೇಡಂ ಹೇಳಿದ್ರು ಅಂತಾನೇ ಇಟ್ಕೊಳ್ಳೋಣ. ಅದಿಲ್ದಿದ್ರೆ ನಿಮ್ಗೇ ಅಪಾಯ ಅಂತ ಗೊತ್ತಿರ್ಲಿಲ್ವಾ?"

"ನಂಗೇನ್ ಅಪಾಯ ಸರ್?" ಆಪಾ ನಿಜಕ್ಕೂ ಕೇಳುವವರ ಹಾಗೆ ಕೇಳಿದರು. "ಅದು ಪರಿಸರಕ್ಕೆ ಅಂತ ಬೋರ್ಡಲ್ಲಿ ಬರ್ದಿದ್ರು. ನಂಗೋಸ್ಕರ ಇಟ್ಟಿರೋದು ಅಂತ ಯಾರೂ ಹೇಳ್ಲಿಲ್ಲ."

ಅಧಿಕಾರಿ ನನ್ನನ್ನು ನೋಡಿದರು. "ಹೇಳಿದ್ರಾ?"

ಬಂಕು ಶುರುವಾದ ದಿನ ಕೆಲಸದವರನ್ನೆಲ್ಲ ಸಾಲಾಗಿ ನಿಲ್ಲಿಸಿ ನಾನು ತರಬೇತಿ ಕೊಟ್ಟದ್ದು ಕಣ್ಣಿಗೆ ಕಟ್ಟಿದಂತಿದೆ. ಪೆಟ್ರೋಲಿನಲ್ಲಿ ಬೆಂಜೀನ್ ಇರುತ್ತದೆ, ಅದು ರಕ್ತಕ್ಕೆ ಒಳ್ಳೆಯದಲ್ಲ, ಆವಿಯನ್ನು ಉಸಿರಿಗೆ ಎಳೆದುಕೊಳ್ಳಬೇಡಿ ಎಂದು ಹೇಳಿದ್ದು, ಆಪಾ ತಲೆಯಾಡಿಸಿದ್ದು, ಎಲ್ಲವೂ. ವಿಚಾರಣೆಯ ಹಿಂದಿನ ದಿನ ಡೈರಿಯಲ್ಲಿ ಆ ತರಬೇತಿಯ ಪುಟವನ್ನೂ ತೆಗೆದು ನೋಡಿದ್ದೆ. ಮೀಟರು ಸೊನ್ನೆಗೆ ಬಂದದ್ದನ್ನು ಗಿರಾಕಿಗೆ ತೋರಿಸುವುದು ಹೇಗೆ, ಮಳೆಯಲ್ಲಿ ನಾಜಲ್ ಹೇಗೆ ಹಿಡಿಯಬೇಕು, ಗಿರಾಕಿಗಳಿಗೆ ನಮಸ್ಕಾರ ಹೇಳಬೇಕು. ಪಟ್ಟಿ ಉದ್ದವಾಗಿಯೇ ಇತ್ತು. ಬೆಂಜೀನ್ ಇರಲಿಲ್ಲ.

"ಇಲ್ಲ ಸರ್. ನಂಗೆ ಗೊತ್ತಿತ್ತು. ಇವರಿಗೆ ಹೇಳಿರ್ಲಿಲ್ಲ."

ವಕೀಲರು ಏನೋ ಹೇಳಲು ಎದ್ದರು. ಅಧಿಕಾರಿ ಕೈ ತೋರಿಸಿ ಕೂರಿಸಿ, ಅದನ್ನು ಟೈಪು ಮಾಡಿಸಿದರು. ನಾನು ಸಹಿ ಹಾಕುವಾಗ ಅವರು ನನ್ನ ಕೈಯನ್ನೇ ನೋಡುತ್ತಿದ್ದರು. ಅರ್ಜಿಯನ್ನು ವಜಾ ಮಾಡಲಿಲ್ಲ. ಇನ್ನೊಂದು ತಾರೀಖು ಕೊಟ್ಟರು, ಶಿವಮೊಗ್ಗದ ಡಾಕ್ಟರನ್ನೂ ಕರೆಸುತ್ತೇವೆ ಎಂದರು.

ಲಿಂಗದಹಳ್ಳಿ ಮೇಲೆ ಹೋಗುವ ತರೀಕೆರೆ ಬಸ್ಸಿನಲ್ಲಿ ಮೇಷ್ಟ್ರು ಅಕ್ಕನನ್ನು ಮುಂದಿನ ಸೀಟಿಗೆ ಕೂರಿಸಿ, ನೀರು ತರಲು ಹೋದರು. ನಾನು ಕಿಟಕಿಯ ಹೊರಗೆ ನಿಂತೆ. ಕ್ಷಮಿಸಿ ಎನ್ನಬೇಕೆಂದಿದ್ದೆ. ಅಂದೆನೋ ಇಲ್ಲವೋ, ಅಂದೆ ಎಂದು ಬರೆಯಲು ಧೈರ್ಯವಿಲ್ಲ. ಆಪಾ ಅಂದದ್ದು ಮಾತ್ರ ಅದೇ ದಿನ ಬರೆದುಕೊಂಡಿದ್ದೇನೆ.

"ಮೇಡಂ, ಒಂದ್ ಕೇಳ್ಲಾ? ಆ ವಾಸ್ನೆ ನಂಗೆ ಇಷ್ಟ ಆಗ್ತಿತ್ತು. ಬೇಕೂಂತ್ಲೇ ಇನ್ನೊಂಚೂರು ಬಗ್ತಿದ್ದೆ. ಮುಂದಿನ್ಸಲ ಅದ್ನೂ ಹೇಳ್ಬೇಕಾ?"

"ಬೇಡ ಆಪಾ," ಅಂದೆ.

ಅವರು ಕಿಟಕಿಯ ಕಡೆ ಇನ್ನಷ್ಟು ಬಗ್ಗಿದರು. "ಕೇಳಿದ್ರೆ?" ಅಂದರು.

ಅಷ್ಟರಲ್ಲಿ ಮೇಷ್ಟ್ರು ಬಂದು ಬಸ್ಸು ಹತ್ತಿದರು. ಬಸ್ಸು ಹೊರಟಿತು. ಮುಂದಿನ ತಾರೀಖು ಇನ್ನೂ ಬಂದಿಲ್ಲ. ಆ ದಿನ ಯಾರಾದರೂ ಕೇಳಿದರೆ ಆಪಾ ಹೇಳಿಬಿಡುತ್ತಾರೆ. ನಾನು ಬೇಡ ಎಂದದ್ದನ್ನೂ ಸೇರಿಸಿಯೇ ಹೇಳುತ್ತಾರೆ.