ಒಂದು ಕೈ ದೂರ

ಅವರ ಬಲಗೈಯ ಕಿರುಬೆರಳು ನಡುಗೆಣ್ಣಿನಿಂದ ಹೊರಕ್ಕೆ ತಿರುಗಿತ್ತು. ಸೀಟಿ ಊದುವಾಗ ಉಳಿದ ಬೆರಳುಗಳು ಮಡಚಿಕೊಂಡರೂ ಅದೊಂದು ಮಾತ್ರ ಕೆನ್ನೆಯಾಚೆ ಚಾಚಿಕೊಂಡೇ ಇರುತ್ತಿತ್ತು. ಕಬಡ್ಡಿ ಆಡುತ್ತಿದ್ದ ಕಾಲದ ಪೆಟ್ಟು. ಕೈ ನೀಡಿ "ಆಕೀನ್ನ ನೀ ಕಾಯಿ" ಎಂದರೆ ಅಂಗೈ ಒಬ್ಬಳ ಕಡೆ, ಕಿರುಬೆರಳು ಇನ್ನೊಬ್ಬಳ ಕಡೆ. ನಾವು ಇಬ್ಬಿಬ್ಬರು ಒಟ್ಟಿಗೇ ಓಡಿ ಡಿಕ್ಕಿ ಹೊಡೆದುಕೊಳ್ಳುತ್ತಿದ್ದೆವು. "ಬೆರಳು ನೋಡಬ್ಯಾಡ್ರೆ, ಮೊಣಕೈ ನೋಡ್ರಿ!" ಎಂದು ಕೂಗುತ್ತಿದ್ದರು.

ಅವರು ಶಿಗ್ಗಾಂವಿಯ ನಮ್ಮ ಕಾಲೇಜಿನ ಆಟದ ಮೇಡಂ. ನಾನು ಸವಣೂರಿನಿಂದ ಬಸ್ಸಿನಲ್ಲಿ ಹೋಗುತ್ತಿದ್ದೆ. ನಮ್ಮ ಮನೆಯಲ್ಲಿ ಮೈದಾನಕ್ಕಿಳಿದವರು ಯಾರೂ ಇರಲಿಲ್ಲ.

ಫ್ಲ್ಯಾಗ್ ಫುಟ್‌ಬಾಲ್ ಎಂದರೆ ನಮ್ಮ ಕಡೆ ಈಗಲೂ ಚೆಂಡು ಒದೆಯುವ ಆಟವೆಂದೇ ತಿಳಿಯುತ್ತಾರೆ. ಇದು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಸೊಂಟದ ಎರಡೂ ಬದಿಗೆ ಬಟ್ಟೆಯ ಪಟ್ಟಿ ಜೋತುಬಿದ್ದಿರುತ್ತದೆ. ಚೆಂಡು ಹಿಡಿದವಳ ಪಟ್ಟಿ ಕಿತ್ತರೆ ಅವಳ ಓಟ ಮುಗಿಯಿತು. ಮೈ ಹಿಡಿಯುವಂತಿಲ್ಲ. ಮೇಡಂ ನಮಗೆ ಕಲಿಸಿದ್ದು ಮ್ಯಾನ್ ಟು ಮ್ಯಾನ್ ಡಿಫೆನ್ಸ್: ಎದುರಿನ ಒಬ್ಬೊಬ್ಬಳಿಗೆ ನಮ್ಮಲ್ಲಿ ಒಬ್ಬೊಬ್ಬಳು, ಅವಳು ಹೋದಲ್ಲೆಲ್ಲ.

ಕಲಿಸಿದ ರೀತಿ ಅವರದೇ. ಇಬ್ಬರು ಎದುರುಬದುರು ನಿಂತು ಒಂದು ವೇಲಿನ ಎರಡು ತುದಿ ಹಿಡಿಯಬೇಕು. ಒಬ್ಬಳು ಮನಬಂದಂತೆ ಓಡಬೇಕು, ಇನ್ನೊಬ್ಬಳು ಅವಳಿಗೆ ಮುಖ ಮಾಡಿಯೇ ಹಿಂದಕ್ಕೆ ಓಡಬೇಕು. ವೇಲು ಬಿಗಿಯಬಾರದು, ನೆಲಕ್ಕೂ ತಾಗಬಾರದು. "ಮಾರಿ ನೋಡಬ್ಯಾಡ, ಮಾರಿ ಸುಳ್ಳ ಹೇಳತೈತಿ. ಸೊಂಟ ನೋಡು. ಸೊಂಟ ಬಿಟ್ಟು ಯಾರೂ ಎಲ್ಲೂ ಹೋಗೂದಿಲ್ಲ."

ಹಾನಗಲ್ಲಿನ ಮೊದಲ ಪಂದ್ಯದಲ್ಲಿ ಹಿರೇಬೆಂಡಿಗೇರಿಯ ನನ್ನ ಗೆಳತಿ ಇದನ್ನೆಲ್ಲ ಮರೆತಳು. ಅವಳೂ ಕಬಡ್ಡಿಯವಳೇ. ಚೆಂಡು ಹಿಡಿದು ಓಡುತ್ತಿದ್ದವಳ ಪಾದಕ್ಕೆ ಜಿಗಿದು, ಹಿಡಿದು, ಕೆಡವಿ, ಅಂಕ ಬಂತೆಂದು ಕೈ ಎತ್ತಿದಳು. ಅಂಪೈರ್ ಸೀಟಿ ಊದಿದರು.

"ಬಿಡಲಿಲ್ಲ ನೋಡ್ರಿ ಮೇಡಂ!"

"ಬಿಡಬೇಕಿತ್ತಲ್ಲವಾ ನಮ್ಮವ್ವಾ!" ಎಂದ ಮೇಡಂ ನಗು ತಡೆಯಲಾಗದೆ ಹುಲ್ಲಿನ ಮೇಲೆ ಕುಳಿತುಬಿಟ್ಟರು. ಸೋತು ಮರಳುವಾಗ ಬಸ್ಸಿನಲ್ಲಿ ನಗಲಿಲ್ಲ. "ಹಿಡಿಯೂದು ಸರಳ ಐತಿ. ಮುಟ್ಟದನೂ ಇರಬೇಕು, ಬಿಡದನೂ ಇರಬೇಕು. ಅದು ತ್ರಾಸು" ಎಂದರು.

ಕಾಲೇಜಿನ ಮೈದಾನ ಬೆಳಿಗ್ಗೆ ನಮ್ಮದಾಗಿತ್ತು. ಮೇಡಂ ಪ್ರಿನ್ಸಿಪಾಲರ ಬೆನ್ನುಹತ್ತಿ ಪಡೆದ ಹೊತ್ತು ಅದು. ಸಂಜೆ ನಿಂತರೆ ನಮಗೆ ಊರಿನ ಬಸ್ಸು ತಪ್ಪುತ್ತಿತ್ತು. ಬೆಳಗು ಹೋದರೆ ತಂಡವೇ ಇಲ್ಲ. ಒಂದು ದಿನ ಬಂದು ನೋಡಿದರೆ ಊರಿನ ಕ್ರಿಕೆಟ್ ಹುಡುಗರು ನಡುವೆ ಸ್ಟಂಪ್ ನೆಟ್ಟಿದ್ದರು.

"ಟೂರ್ನಮೆಂಟ್ ಐತ್ರಿ ಮೇಡಂ. ಇನ್ನ ಮುಂಜಾನೆ ನಾವ ಆಡ್ತೇವಿ. ಹುಡುಗ್ಯಾರು ಆ ಮೂಲ್ಯಾಗ ಆಡ್ಲಿ" ಎಂದ ಅವರ ಕ್ಯಾಪ್ಟನ್.

ಮೇಡಂ ನಮ್ಮ ಕಡೆ ತಿರುಗಿ ಕೈ ನೀಡಿದರು. "ಒಬ್ಬೊಬ್ರಿಗೆ ಒಬ್ಬೊಬ್ರು. ಒಂದು ಕೈ ದೂರ. ಮುಟ್ಟಿದ್ರ ಫೌಲ್."

ನಾವು ಮೊಣಕೈ ನೋಡಿ ಹೊರಟೆವು. ಬೌಲರ್ ಓಡಿಬಂದರೆ ಹಿರೇಬೆಂಡಿಗೇರಿಯವಳು ಅವನ ಮುಂದೆ ಹಿಂದಕ್ಕೆ ಓಡಿದಳು. ಒಬ್ಬ ನೀರು ಕುಡಿಯಲು ಹೋದ, ತಡಸದ ಹುಡುಗಿ ನಳದವರೆಗೂ ಜೊತೆಗೇ ಹೋದಳು.

"ಯಕ್ಕಾ, ಮನೀಗೂ ಬರಾಕಿಯೇನು?"

"ಮನೀಗೆ ನಡಿಯಪಾ, ಅಲ್ಲಿ ಬರೂದಿಲ್ಲ."

ನನ್ನ ಪಾಲಿಗೆ ಬಂದವನು ಕ್ಯಾಪ್ಟನ್. ಎಡಕ್ಕೆ ಸರಿದ, ಬಲಕ್ಕೆ ಸರಿದ, ಬೈದ. ಅವನು ಹೆಜ್ಜೆ ಇಡುವ ಮೊದಲೇ ಬೆಲ್ಟಿನ ಬಕಲ್ ತಿರುಗುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದೆ. ಹುಡುಗರು ಮೊದಲು ನಕ್ಕರು, ಆಮೇಲೆ ಸಿಟ್ಟಾದರು, ಕೊನೆಗೆ ಸ್ಟಂಪ್ ಕಿತ್ತುಕೊಂಡು ಹೋದರು. ದೂರು ಪ್ರಿನ್ಸಿಪಾಲರಿಗೆ ಮುಟ್ಟಿತು. "ಏನ್ ಮಾಡಿದ್ರಿ ಮೇಡಂ?" ಎಂದು ಅವರು ಕೇಳಿದರೆ, "ನಿಂತಿದ್ದಿವ್ರಿ ಸರ್. ನಮ್ಮ ಗ್ರೌಂಡಿನ್ಯಾಗ" ಎಂದರಂತೆ.

ಆ ದಿನ ಮೇಡಂ ನನಗೆ ಹೇಳಿದ ಮಾತು ಬೇರೆ. "ನಿನಗ ಮಾತು ಬರೂದಿಲ್ಲ, ಛಲೋ ಆತು. ಉತ್ತರ ಕೊಡ್ಕೋತ ನಿಂತಿದ್ರ ಅಂವ ಪಾರಾಗಿ ಹೋಗ್ತಿದ್ದ." ನನ್ನ ಮೌನವನ್ನು ಅದಕ್ಕೆ ಮೊದಲು ಯಾರೂ ಶಕ್ತಿಯೆಂದು ಕರೆದಿರಲಿಲ್ಲ.

ನಾನು ಎಂ.ಎಸ್ಸಿ. ಓದಲು ಧಾರವಾಡಕ್ಕೆ ಹೋದೆ. ರಜೆಯಲ್ಲಿ ಬಂದಾಗಲೆಲ್ಲ ಮೈದಾನಕ್ಕೆ ಹೋಗುತ್ತಿದ್ದೆ. ಪ್ರತಿಸಲವೂ ಮೇಡಂ ಇನ್ನಷ್ಟು ಇಳಿದಿರುತ್ತಿದ್ದರು. ಕಾಯಿಲೆಯ ಹೆಸರು ಹೇಳಲಿಲ್ಲ, ಕೇಳಲೂ ಬಿಡಲಿಲ್ಲ. ಹುಡುಗಿಯರು ಕುರ್ಚಿ ತಂದಿಟ್ಟರೆ ಅದರ ಬೆನ್ನು ಹಿಡಿದು ನಿಲ್ಲುತ್ತಿದ್ದರು. "ಕುಂತು ನೋಡಿದ್ರ ಸೊಂಟ ಕಾಣೂದಿಲ್ಲ" ಎನ್ನುತ್ತಿದ್ದರು.

ಹೋದ ಚಳಿಗಾಲದಲ್ಲಿ ತೀರಿಕೊಂಡರು. ಮಣ್ಣು ಮುಗಿಸಿ ಅವರ ಮನೆಯ ಮುಂದೆ ನಾವು ನಿಂತಿದ್ದಾಗ ಆ ಕ್ಯಾಪ್ಟನ್ನೂ ಬಂದ. ಕಣ್ಣು ಕೆಂಪಾಗಿತ್ತು. "ಗಟ್ಟಿ ಹೆಣ್ಮಗಳ್ರಿ" ಎಂದ, ಮನಸಾರೆ. ಮೆಲ್ಲಗೆ ಸೇರಿಸಿದ: "ಹುಡುಗ್ಯಾರ ಟೀಮ್ ಇನ್ನ ಮುಗೀತಲ್ರಿ. ನಾಳೆ ಮುಂಜಾನಿಂದ ನಾವ ಇಳೀತೇವಿ."

ಮರುದಿನ ಬೆಳಿಗ್ಗೆ ಸವಣೂರಿನಿಂದ ಮೊದಲ ಬಸ್ಸು ಹಿಡಿದೆ. ಸ್ಟಂಪ್ ನೆಟ್ಟಾಗಿತ್ತು. ಈಗಿನ ತಂಡದ ಹುಡುಗಿಯರು ಗೇಟಿನ ಬಳಿ ಗುಂಪಾಗಿ ನಿಂತಿದ್ದರು, ಒಳಗೆ ಬರುವುದೋ ಬೇಡವೋ ತಿಳಿಯದೆ. ಅವರನ್ನು ದಾಟಿ ಮೈದಾನದ ನಡುವಿಗೆ ನಡೆದು, ಕ್ಯಾಪ್ಟನ್ನಿನ ಎದುರು ಒಂದು ಕೈ ದೂರದಲ್ಲಿ ನಿಂತೆ. ಅವನ ಮುಖ ನೋಡಲಿಲ್ಲ. ಹಿಂದೆ ಗೇಟು ಕಿರುಗುಟ್ಟಿತು.